ಎಣ್ಣೆ, ಎದೆಹಾಲು ಮತ್ತು ಸ್ತನದ ಉರಿಯೂತ

ಸ್ತನದಲ್ಲಿ ಊತ ಕಂಡೊಡನೆ ಕ್ಯಾನ್ಸರಿನ ಭಯ ಹುಟ್ಟುವುದು ಸಹಜ. ಆದರೆ ವೈದ್ಯರು ಮಾಸ್ಟೈಟಿಸ್ ಎಂದು ಕರೆಯುವ ಬಾವು ಕ್ಯಾನ್ಸರ್ ಅಲ್ಲ; ಹಾಲುಣಿಸುವ ತಾಯಂದಿರಲ್ಲಿ ಹಾಲು ಕಟ್ಟಿ, ಎದೆ ಕೆಂಪೇರಿ, ಚಳಿಜ್ವರ ಬರುವುದು ಅದರ ಪರಿಚಿತ ರೂಪ. (ಔಷಧಿಗೆ ಇಳಿಯದೆ ಉಳಿಯುವ ಕೆಂಪು ಊತದ ಮಾತು ಬೇರೆ. ಕ್ಯಾನ್ಸರಿನ ಒಂದು ಬಗೆಯೂ ಹಾಗೆಯೇ ತೋರುವುದರಿಂದ ಅಲ್ಲಿ ಬಯಾಪ್ಸಿ, ಅಂದರೆ ಅಂಗಾಂಶದ ಚೂರನ್ನು ತೆಗೆದು ನೋಡುವ ಪರೀಕ್ಷೆ, ಬೇಕಾಗುತ್ತದೆ.) ಆಹಾರದ ಪರಿಣಾಮವನ್ನು ತಿಳಿಯಲು ಸಂಶೋಧಕರು ಹೆಚ್ಚಾಗಿ ಆಯ್ದುಕೊಂಡದ್ದು ನೋವೂ ಜ್ವರವೂ ಇಲ್ಲದ, ಹಾಲನ್ನು ಪರೀಕ್ಷಿಸಿದಾಗ ಮಾತ್ರ ಸಿಕ್ಕಿಬೀಳುವ ಸುಪ್ತ ಉರಿಯೂತವನ್ನು.

ಅದು ಸಿಕ್ಕಿಬೀಳುವ ಬಗೆ ಸರಳವಾಗಿದೆ. ಆರೋಗ್ಯವಾಗಿರುವ ಸ್ತನದಲ್ಲಿ ಹಾಲು ಸ್ರವಿಸುವ ಜೀವಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೊಂದಿಕೊಂಡಿರುವುದರಿಂದ ರಕ್ತದಲ್ಲಿ ಹೇರಳವಾಗಿರುವ ಸೋಡಿಯಂ ಹಾಲಿಗೆ ಇಳಿಯುವುದು ಕಡಿಮೆ. ಉರಿಯೂತವಾದಾಗ ಈ ಬೆಸುಗೆ ಸಡಿಲವಾಗಿ, ಸೋಡಿಯಂ ಒಳಕ್ಕೂ ಪೊಟ್ಯಾಸಿಯಂ ಹೊರಕ್ಕೂ ಸೋರುತ್ತದೆ. ಆದ್ದರಿಂದ ಹಾಲಿನಲ್ಲಿ ಸೋಡಿಯಂ–ಪೊಟ್ಯಾಸಿಯಂ ಅನುಪಾತ 0.6ನ್ನು ದಾಟಿದರೆ ಅನುಮಾನ, 1ನ್ನು ದಾಟಿದರೆ ಉರಿಯೂತ ಬಲವಾಗಿದೆ ಎಂದು ಎಣಿಸುವುದು ವಾಡಿಕೆ. ಹಸು ಕಟ್ಟಿದವರಿಗೆ ಇದು ಹೊಸದೇನಲ್ಲ: ಕೆಚ್ಚಲು ಬಾವು ಬಂದ ಹಸುವಿನ ಹಾಲು ಉಪ್ಪುಪ್ಪಾಗಿರುವುದಕ್ಕೆ ಕಾರಣವೂ ಇದೇ.

ಆಹಾರದ ಸುಳಿವು ಸಿಕ್ಕಿದ್ದೂ ಕೊಟ್ಟಿಗೆಯಿಂದಲೇ. ಹಸಿ ಹುಲ್ಲಿನಲ್ಲಿ ಹೇರಳವಾಗಿದ್ದು ಒಣಗಿದ ಮೇವಿನಲ್ಲಿ ಕ್ಷೀಣಿಸುವ ವಿಟಮಿನ್ ಇ ಪೋಷಕವನ್ನು ಹಸುಗಳಿಗೆ ಹೆಚ್ಚುವರಿಯಾಗಿ ಕೊಟ್ಟಾಗ ಕೆಚ್ಚಲು ಬಾವು ಶೇ. 37ರಷ್ಟು ಕಡಿಮೆಯಾಯಿತೆಂದು ಅಮೆರಿಕದಲ್ಲಿ 1984ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು.

ಮನುಷ್ಯರ ವಿಷಯದಲ್ಲಿ ನನಗೆ ಅತ್ಯಂತ ಬೋಧಪ್ರದವೆನಿಸಿದ್ದು 1999ರಲ್ಲಿ ಪ್ರಕಟವಾದ, ತಾಂಜಾನಿಯಾದ ಹಳ್ಳಿಗಾಡಿನ ತಾಯಂದಿರ ಅಧ್ಯಯನ. ಬಸಿರಿನ ಕೊನೆಯ ಮೂರು ತಿಂಗಳಿಂದ ಹೆರಿಗೆಯಾಗಿ ಮೂರು ತಿಂಗಳವರೆಗೆ ಒಂದು ಗುಂಪಿಗೆ ಸೂರ್ಯಕಾಂತಿ ಎಣ್ಣೆ, ಇನ್ನೊಂದಕ್ಕೆ ಕೆಂಪು ತಾಳೆ ಎಣ್ಣೆ ಕೊಟ್ಟು, ಮೂರನೆಯದಕ್ಕೆ ಏನನ್ನೂ ಕೊಡದೆ ಹಾಲನ್ನು ಪರೀಕ್ಷಿಸಲಾಯಿತು. ಕೆಂಪು ತಾಳೆ ಎಣ್ಣೆ ಆಫ್ರಿಕಾದ ಹಳೆಯ ಆಹಾರ. ವಿಟಮಿನ್ ಎ ಆಗಿ ಮಾರ್ಪಡುವ ಕ್ಯಾರೊಟಿನ್ ಅದರಲ್ಲಿ ತುಂಬಿರುವುದರಿಂದ ಗೆಲುವು ಅದರದೇ ಎಂದು ಯಾರಾದರೂ ಊಹಿಸಿಯಾರು. ಆದರೆ ಮೂರನೆಯ ತಿಂಗಳಲ್ಲಿ ಸೋಡಿಯಂ–ಪೊಟ್ಯಾಸಿಯಂ ಅನುಪಾತವನ್ನೂ, ಬಿಳಿ ರಕ್ತಕಣಗಳನ್ನು ಬಾವಿನ ಜಾಗಕ್ಕೆ ಸೆಳೆಯುವ ಇಂಟರ್‌ಲ್ಯೂಕಿನ್-8 ಎಂಬ ಪ್ರೋಟೀನನ್ನೂ ತಗ್ಗಿಸಿದ್ದು ವಿಟಮಿನ್ ಇ ಸಮೃದ್ಧವಾಗಿರುವ ಸೂರ್ಯಕಾಂತಿ ಎಣ್ಣೆ. ‘ಸಾಂಪ್ರದಾಯಿಕ’ ಎಂಬ ಹಣೆಪಟ್ಟಿಯನ್ನು ನೋಡಿ ಅಂಕ ಕೊಡುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಇಲ್ಲಿ ಕೆಲಸ ಮಾಡಿದ್ದು ಎಣ್ಣೆಯ ವಂಶಾವಳಿಯಲ್ಲ, ಅದರೊಳಗಿನ ಪದಾರ್ಥ.

ಇಡೀ ಆಹಾರಕ್ರಮವನ್ನು ಒಟ್ಟಾಗಿ ಪರೀಕ್ಷಿಸಿದ ಉದಾಹರಣೆ 2018ರದು. ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಸಂಶೋಧಕರು 40 ಹೆಣ್ಣು ಮಕಾಕ್ ಕೋತಿಗಳಲ್ಲಿ ಕೆಲವಕ್ಕೆ ಮೆಡಿಟರೇನಿಯನ್ ಮಾದರಿಯ (ಸಸ್ಯಮೂಲದ ಪದಾರ್ಥಗಳೇ ಹೆಚ್ಚಿರುವ), ಉಳಿದವಕ್ಕೆ ಪಾಶ್ಚಾತ್ಯ ಮಾದರಿಯ (ಪ್ರಾಣಿಮೂಲದ ಕೊಬ್ಬು ಹೆಚ್ಚಿರುವ) ಆಹಾರವನ್ನು 31 ತಿಂಗಳು ಕೊಟ್ಟರು. ಮೊದಲ ಗುಂಪಿನ ಸ್ತನ ಅಂಗಾಂಶದಲ್ಲಿ ಮೊಸರಿನಲ್ಲೂ ಇರುವ ಲ್ಯಾಕ್ಟೊಬ್ಯಾಸಿಲಸ್ ಬಗೆಯ ಬ್ಯಾಕ್ಟೀರಿಯಾ ಸುಮಾರು 10 ಪಟ್ಟು ಹೆಚ್ಚಿತ್ತು. ಊಟದ ಪ್ರಭಾವ ಕರುಳಿನಾಚೆ ಸ್ತನದ ಸೂಕ್ಷ್ಮಜೀವಿಗಳವರೆಗೂ ಮುಟ್ಟುತ್ತದೆ ಎಂಬುದಕ್ಕೆ ಇದು ಒಳ್ಳೆಯ ಪುರಾವೆ. ಬಾವು ವಾಸಿಯಾಗುತ್ತದೆ ಎಂಬುದಕ್ಕಲ್ಲ.

ನಮ್ಮ ಅಡುಗೆಮನೆಯ ಲೆಕ್ಕವನ್ನು ನೋಡುವುದಾದರೆ, 100 ಗ್ರಾಂ ಸೂರ್ಯಕಾಂತಿ ಎಣ್ಣೆಯಲ್ಲಿ ಸುಮಾರು 40 ಮಿಲಿಗ್ರಾಂ, ಕಡಲೆಕಾಯಿ ಎಣ್ಣೆಯಲ್ಲಿ ಸುಮಾರು 15 ಮಿಲಿಗ್ರಾಂ ವಿಟಮಿನ್ ಇ ಇರುತ್ತದೆ. ಕರಾವಳಿಯ ತೆಂಗಿನೆಣ್ಣೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಇವು ಎಣ್ಣೆಯಲ್ಲಿರುವ ಪ್ರಮಾಣಗಳೇ ಹೊರತು, ತಾಂಜಾನಿಯಾದಲ್ಲಿ ಮಾಡಿದಂತೆ ಬಾಣಂತಿಯರ ಹಾಲಿನಲ್ಲಿ ಸೋಡಿಯಂ ಅಳೆದು ಕಂಡುಕೊಂಡ ಫಲಿತಾಂಶಗಳಲ್ಲ.