ಊರು ತಪ್ಪಿಸಿ ಹೊರಟ ರಸ್ತೆ: ಎಸ್‌ಎಚ್ 17ರ ಕಥೆ

ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ. ಬೆಂಗಳೂರು–ಮೈಸೂರು ರಸ್ತೆ ರಾಜ್ಯ ಹೆದ್ದಾರಿ 17 ಆಗಿದ್ದಷ್ಟು ಕಾಲ ಇವುಗಳಲ್ಲಿ ಒಂದನ್ನೂ ಬಿಡದೆ ಹಾಯುತ್ತಿತ್ತು. ಹೆದ್ದಾರಿಯನ್ನು ಯಾರೋ ಊರೊಳಗೆ ತಂದದ್ದಲ್ಲ. ಊರಿಂದೂರಿಗೆ ಮೊದಲೇ ಇದ್ದ ದಾರಿಗಳನ್ನು ಅಗಲ ಮಾಡಿ, ಡಾಂಬರು ಹಾಕಿ, ಆಮೇಲೆ ನಂಬರು ಕೊಟ್ಟದ್ದು. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳು ಈ ಹಾದಿಯ ವಯಸ್ಸು ಹೇಳುತ್ತವೆ.

ರಾಜ್ಯದ ರಸ್ತೆ ಅಭಿವೃದ್ಧಿ ನಿಗಮ ಇದನ್ನು ನಾಲ್ಕು ಪಥ ಮಾಡಿದಾಗ ಅಗಲ ಹೆಚ್ಚಿತು, ಹಾದಿ ಹೆಚ್ಚುಕಡಿಮೆ ಹಳೆಯದೇ ಉಳಿಯಿತು. ತೊಂದರೆ ಅಲ್ಲೇ ಇತ್ತು. ಬಯಲಲ್ಲಿ ವೇಗ ಹಿಡಿದ ಕಾರು ಊರ ಬಾಗಿಲಲ್ಲಿ ಹಂಪು, ಸಿಗ್ನಲ್, ಯೂ-ಟರ್ನ್ ಹೊಡೆಯುವ ಆಟೊ, ರಸ್ತೆಯಲ್ಲೇ ನಿಂತ ಬಸ್ಸುಗಳಿಗೆ ಎದುರಾಗುತ್ತಿತ್ತು. ಕಬ್ಬು ಅರೆಯುವ ತಿಂಗಳುಗಳಲ್ಲಿ ಮಂಡ್ಯದ ಕಡೆ ಹಿಂಬದಿ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ಬೇರೆ.

ರಸ್ತೆ ರಾಷ್ಟ್ರೀಯ ಹೆದ್ದಾರಿ 275ಕ್ಕೆ ಸೇರಿದ ಮೇಲೆ ಲೆಕ್ಕ ಬದಲಾಯಿತು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಹೊಸ ರಸ್ತೆಯ ಉದ್ದ ಸುಮಾರು 118 ಕಿ.ಮೀ.: ನಡುವೆ ಆರು ಪಥ, ಎರಡೂ ಬದಿಗೆ ಎರಡೆರಡು ಪಥದ ಸರ್ವಿಸ್ ರಸ್ತೆ. ಇದರಲ್ಲಿ 52 ಕಿ.ಮೀ. ಹೊಸದಾಗಿ ಭೂಮಿ ಪಡೆದು ಹಾಕಿದ ಹಾದಿ. ಐದು ಬೈಪಾಸ್‌ಗಳೂ ಇದರಲ್ಲೇ ಬರುತ್ತವೆ. ರಾಮನಗರ, ಚನ್ನಪಟ್ಟಣ ಎರಡಕ್ಕೂ ಸೇರಿ ಒಂದೇ ಬೈಪಾಸ್.

ಬೈಪಾಸ್ ಕೊಟ್ಟ ಏಟು ಎಲ್ಲ ಊರಿಗೂ ಒಂದೇ ಅಲ್ಲ. ರಾಮನಗರದ ರೇಷ್ಮೆಗೂಡು ಮಾರುಕಟ್ಟೆಗೆ ಬರುವವರು ರೈತರು, ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು. ಬೈಪಾಸ್ ಇದ್ದರೂ ಊರೊಳಗೆ ಬಂದೇ ಬರುತ್ತಾರೆ. ಚನ್ನಪಟ್ಟಣದ ಬೊಂಬೆ ಅಂಗಡಿಗಳ ಗಿರಾಕಿ ಹಾಗಲ್ಲ. ಮೈಸೂರಿಗೆ ಹೊರಟವರು ಬೊಂಬೆ ಕಂಡು ಕಾರು ನಿಲ್ಲಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಎಲ್ಲೆಂದರಲ್ಲಿ ಇಳಿಯಲಾಗದ ರಸ್ತೆಯಲ್ಲಿ ಆ ವ್ಯಾಪಾರಕ್ಕೆ ಜಾಗವೇ ಇಲ್ಲ. ಮದ್ದೂರು ವಡೆ ಹುಟ್ಟಿದ್ದು ರೈಲು ನಿಲ್ದಾಣದಲ್ಲಾದರೂ, ಈಚಿನ ದಶಕಗಳಲ್ಲಿ ಅದನ್ನು ಸಾಕಿದ್ದೂ ರಸ್ತೆಬದಿಯ ಹೋಟೆಲುಗಳೇ.

ನೀರಿನ ವಿಷಯ ಯೋಜನೆ ಮಾಡುವವರು ಓದಬೇಕಾದದ್ದು. ಎತ್ತರಿಸಿದ ರಸ್ತೆ ಹೊಲದ ನೀರಿಗೆ ಏರಿಯಂತೆ ಅಡ್ಡ ನಿಲ್ಲುತ್ತದೆ. ರಸ್ತೆಯಡಿ ನೀರು ಹಾಯುವ ಮೋರಿ ಸಣ್ಣದಾದರೆ ಅಥವಾ ಅದರ ಬಾಯಿಗೆ ಮಣ್ಣು ಬಿದ್ದರೆ ನೀರು ತಗ್ಗಿನ ಅಂಡರ್‌ಪಾಸ್ ಹುಡುಕುತ್ತದೆ. ರಾಮನಗರದ ಬಳಿ 2022ರ ಆಗಸ್ಟ್‌ನಲ್ಲೂ ಉದ್ಘಾಟನೆಯಾದ ತಿಂಗಳಲ್ಲೂ ನೀರು ನಿಂತಿತು. ಎರಡನೇ ಸಲ, ಹಳ್ಳಿಯವರು ಓಡಾಟಕ್ಕೆ ಮಣ್ಣು ಸುರಿದು ಚರಂಡಿ ಮುಚ್ಚಿದ್ದೇ ಕಾರಣ ಎಂದಿತು ಹೆದ್ದಾರಿ ಪ್ರಾಧಿಕಾರ. ಇರಬಹುದು. ಆದರೆ ಹಳ್ಳಿಗೆ ದಾಟುವ ಜಾಗ ಸಾಲದ ಕಡೆ ಜನ ದಾರಿ ಮಾಡಿಕೊಳ್ಳುತ್ತಾರೆ ಎಂಬುದು ನಕ್ಷೆ ಬರೆಯುವಾಗಲೇ ಗೊತ್ತಿರಬೇಕಾದ ಸಂಗತಿ.

ಅಪಘಾತಗಳು ಹೆಚ್ಚಿದ ಮೇಲೆ, 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಆರು ಪಥದಲ್ಲಿ ಪ್ರವೇಶವಿಲ್ಲ. ಅವು ಸರ್ವಿಸ್ ರಸ್ತೆಯನ್ನೇ ಹಿಡಿಯಬೇಕು. ಟೋಲ್ ಬೇಡ ಎನ್ನುವ ಕಾರುಗಳೂ ಅಲ್ಲಿಗೇ ಇಳಿಯುತ್ತವೆ.

ಬಸ್ಸುಗಳೂ ಎರಡು ಬಗೆಯಾದವು: ಎಕ್ಸ್‌ಪ್ರೆಸ್‌ವೇ ಎನ್ನುವ ಈ ಹೊಸ ರಸ್ತೆ ಹಿಡಿಯುವವು, ಊರೊಳಗೆ ಹೋಗುವವು. ಟೋಲ್ ಶುರುವಾದಾಗ ಕೆಎಸ್‌ಆರ್‌ಟಿಸಿ ಎಕ್ಸ್‌ಪ್ರೆಸ್‌ವೇ ಹಿಡಿಯುವ ಕರ್ನಾಟಕ ಸಾರಿಗೆ ಬಸ್ಸಿನ ಟಿಕೆಟ್ಟಿಗೆ 15 ರೂಪಾಯಿ ಬಳಕೆದಾರರ ಶುಲ್ಕ ಸೇರಿಸಿತು. ಚನ್ನಪಟ್ಟಣಕ್ಕೋ ಮದ್ದೂರಿಗೋ ಹೋಗುವವರು ಬೋರ್ಡು ನೋಡಿ ಹತ್ತದೆ, ಊರೊಳಗೆ ಹೋಗುತ್ತದೆಯೇ ಎಂದು ಕಂಡಕ್ಟರನ್ನು ಕೇಳಿ ಹತ್ತಬೇಕು.