ಹೂವು ಅರಳೋದಕ್ಕೆ ಎಷ್ಟು ಫ್ರೇಮ್ ಬೇಕು?

ಮೊದಲ ಎರಡು ನಿಮಿಷ ಹಾಲಿನಲ್ಲಿ ಬರೀ ನಗು. ಪರದೆಯ ಮೇಲೆ ಟೋಪಿ ಹಾಕಿದ ಗಂಡಸರು ಹುಚ್ಚುನಾಯಿ ಅಟ್ಟಿಸಿಕೊಂಡು ಬಂದವರ ಹಾಗೆ ರಸ್ತೆ ದಾಟುತ್ತಿದ್ದರು, ಕುದುರೆಗಾಡಿಗಳು ಆಟೋಗಳ ಥರ ನುಗ್ಗುತ್ತಿದ್ದವು. ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನು ಮಾತ್ರ ಲ್ಯಾಪ್‌ಟಾಪ್ ಹಿಂದೆ ಕೂತು ಬೆವರುತ್ತಿದ್ದೆ. ಫೈಲ್ ಹಾಕುವಾಗ ವೇಗ ಸರಿಮಾಡಲು ಮರೆತವನು ನಾನೇ.

ಮೈಸೂರಿನ ಸರಸ್ವತಿಪುರಂ ಕಡೆ ಒಂದು ಪುಟ್ಟ ಹಾಲ್, ಭಾನುವಾರ ಸಂಜೆ, ಐವತ್ತು ಪ್ಲಾಸ್ಟಿಕ್ ಕುರ್ಚಿ, ಬಾಡಿಗೆಗೆ ತಂದ ಪ್ರೊಜೆಕ್ಟರ್. ನೂರು ವರ್ಷಕ್ಕೂ ಹಳೆಯ ವಿಜ್ಞಾನದ ಮೂಕಿ ಚಿತ್ರಗಳನ್ನು ತೋರಿಸೋಣ ಅಂತ ನಾವು ನಾಲ್ಕೈದು ಜನ ಸೇರಿ ಇಟ್ಟುಕೊಂಡ ಕಾರ್ಯಕ್ರಮ. ಯಾರು ಬರುತ್ತಾರೆ ಅಂದುಕೊಂಡಿದ್ದೆವು. ಕುರ್ಚಿ ಸಾಲದೆ ಹಿಂದೆ ಜನ ನಿಂತಿದ್ದರು.

ವೇಗದ ಕಥೆ ಇಷ್ಟೇ. ಮೂಕಿ ಕಾಲದ ಕ್ಯಾಮೆರಾಗಳಲ್ಲಿ ಬಹುಪಾಲಿಗೆ ಮೋಟಾರ್ ಇರಲಿಲ್ಲ, ಕೈಯಲ್ಲಿ ಹಿಡಿ ತಿರುಗಿಸಬೇಕಿತ್ತು. ಒಂದು ಸುತ್ತಿಗೆ 8 ಫ್ರೇಮ್, ಅಂದರೆ 8 ಬಿಡಿ ಚಿತ್ರ, ಸೆಕೆಂಡಿಗೆ ಎರಡು ಸುತ್ತು, ಅಲ್ಲಿಗೆ 16 ಫ್ರೇಮ್. ಇದು ಕಾಗದದ ಮೇಲಿನ ಲೆಕ್ಕ. ಕೈ ಸೋತರೆ ಕಡಿಮೆ, ಅವಸರ ಇದ್ದರೆ ಜಾಸ್ತಿ. 1920ರ ದಶಕದ ಕೊನೆಯಲ್ಲಿ ಸಿನಿಮಾಗೆ ಮಾತು ಬಂತು ನೋಡಿ, ಆಗ ಈ ಆಟ ನಿಂತಿತು. ವೇಗ ಒಂಚೂರು ಹೆಚ್ಚುಕಮ್ಮಿ ಆದರೂ ಧ್ವನಿ ಕೀರಲಾಗುತ್ತೆ ಅಥವಾ ಗೊಗ್ಗರಾಗುತ್ತೆ, ಹಾಗಾಗಿ 24 ಫ್ರೇಮ್ ಅಂತ ಗಟ್ಟಿಮಾಡಿಕೊಂಡರು. 16ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಎಲ್ಲವೂ ಒಂದೂವರೆ ಪಟ್ಟು ಜೋರು. 10 ನಿಮಿಷದ ರೀಲು 6 ನಿಮಿಷ 40 ಸೆಕೆಂಡಿಗೆ ಮುಗಿದುಹೋಗುತ್ತೆ. ಪಾಪ, ಆ ಕಾಲದ ಜನ ನಮ್ಮ ಹಾಗೇ ನಿಧಾನವಾಗಿಯೇ ನಡೆಯುತ್ತಿದ್ದರು.

ವೇಗ ಸರಿಮಾಡಿದೆ. ನಗು ನಿಂತಿತು. ಆಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು: ಸೆಕೆಂಡಿಗೆ 16 ಅಂದ್ರೆ ಚಿತ್ರ ಮಿಣುಕಬೇಕಲ್ವಾ? ಒಳ್ಳೇ ಪ್ರಶ್ನೆ. ಮಿಣುಕುತ್ತಿತ್ತು. ಒಂದು ಫ್ರೇಮ್ ಸರಿದು ಇನ್ನೊಂದು ಬರುವಾಗ ಬೆಳಕನ್ನು ಮುಚ್ಚಬೇಕು, ಇಲ್ಲದಿದ್ದರೆ ಚಿತ್ರ ಕಲಸಿಹೋಗುತ್ತೆ. ಹಾಗೆ ಸೆಕೆಂಡಿಗೆ 16 ಸಲ ಕತ್ತಲಾದರೆ ಕಣ್ಣಿಗೆ ಗೊತ್ತಾಗುತ್ತೆ, ತಲೆನೋವೂ ಬರುತ್ತೆ. ಇದಕ್ಕೆ ಕಂಡುಕೊಂಡ ಉಪಾಯ ವಿಚಿತ್ರ: ಕತ್ತಲನ್ನು ಕಡಿಮೆ ಮಾಡಲಿಲ್ಲ, ಜಾಸ್ತಿ ಮಾಡಿದರು! ಪ್ರೊಜೆಕ್ಟರಿನ ಮುಂದೆ ಮೂರು ರೆಕ್ಕೆಯ ಒಂದು ಫ್ಯಾನ್ ತಿರುಗಿಸಿ ಒಂದೊಂದು ಫ್ರೇಮನ್ನೂ ಮೂರು ಸಲ ಮಿನುಗಿಸಿದರು. 16 ಮೂರಲೆ 48. ಅಷ್ಟು ಬೇಗ ಮಿನುಗಿದರೆ ಕಣ್ಣಿಗೆ ಹೆಚ್ಚುಕಮ್ಮಿ ಒಂದೇ ಸಮನೆ ಬೆಳಕಿದ್ದ ಹಾಗೆ ಕಾಣುತ್ತೆ. ಮನೆಯ ಅಗ್ಗದ ಎಲ್‌ಇಡಿ ಬಲ್ಬನ್ನು ಫೋನ್ ಕ್ಯಾಮೆರಾದಲ್ಲಿ ನೋಡಿ, ಪಟ್ಟಿ ಪಟ್ಟಿ ಓಡುತ್ತಿರುತ್ತವೆ. ಬಲ್ಬು ಮಿಣುಕುತ್ತಲೇ ಇದೆ, ನಮ್ಮ ಕಣ್ಣು ತಲೆ ಕೆಡಿಸಿಕೊಂಡಿಲ್ಲ ಅಷ್ಟೆ.

ಆಮೇಲೆ ಚೀಸ್ ಹುಳ. 1903ರ ಚಿತ್ರ, ಮಾರ್ಟಿನ್ ಡಂಕನ್ ಅನ್ನುವವರು ಚಾರ್ಲ್ಸ್ ಅರ್ಬನ್ ಕಂಪನಿಗಾಗಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ತೆಗೆದದ್ದು. ಅದು ಮೊದಲು ಬಂದದ್ದು ಶಾಲೆಗಲ್ಲ, ಲಂಡನ್ನಿನ ಅಲ್ಹಾಂಬ್ರಾ ಥಿಯೇಟರಿಗೆ. ಹಾಡು, ಕುಣಿತ, ದೊಂಬರಾಟ ನೋಡಲು ದುಡ್ಡು ಕೊಟ್ಟು ಬಂದವರ ಮುಂದೆ, ಅರ್ಧ ಮಿಲಿಮೀಟರ್ ಆಸುಪಾಸಿನ ಹುಳ ಪರದೆ ತುಂಬ ಏಡಿಯ ಹಾಗೆ ತೆವಳಿತು. ನಮ್ಮ ಹಾಲಿನಲ್ಲೂ ಒಬ್ಬರು ಕೈಲಿದ್ದ ಪಫ್ಸ್ ಮೆಲ್ಲಗೆ ಕುರ್ಚಿ ಕೆಳಗಿಟ್ಟರು. ಅದೇ ಹುಡುಗಿ ಕಾಲು ಎಣಿಸುತ್ತಿದ್ದಳು. ಎಂಟು. ಹಾಗಾದ್ರೆ ಇದು ಕೀಟ ಅಲ್ಲ, ಜೇಡದ ಕಡೆಯದ್ದು ಅಂದಳು. ನಾನು ಬರೆದುಕೊಂಡು ಬಂದಿದ್ದ ವಿವರಣೆ ಓದುವ ಅಗತ್ಯವೇ ಬೀಳಲಿಲ್ಲ.

ಇಂಥ ಚಿತ್ರ ತೆಗೆಯೋದು ಸುಲಭವಿರಲಿಲ್ಲ. ಅಷ್ಟು ಸಣ್ಣದನ್ನು ಅಷ್ಟು ದೊಡ್ಡದು ಮಾಡಿದರೆ ಬೆಳಕು ಸಾಲದು. ಬೆಳಕು ಜಾಸ್ತಿ ಮಾಡಿದರೆ ಶಾಖಕ್ಕೆ ಜೀವಿ ಸತ್ತೇ ಹೋಗುತ್ತೆ. ದೀಪಕ್ಕೂ ಜೀವಿಗೂ ನಡುವೆ ಗಾಜಿನ ತೊಟ್ಟಿಯಲ್ಲಿ ನೀರು ನಿಲ್ಲಿಸಿ ಶಾಖವನ್ನು ತಡೆಯುತ್ತಿದ್ದರು.

ನನಗೆ ಇಷ್ಟವಾದ ಮನುಷ್ಯ ಪರ್ಸಿ ಸ್ಮಿತ್. ಇಂಗ್ಲೆಂಡಿನ ಶಿಕ್ಷಣ ಇಲಾಖೆಯಲ್ಲಿ ಗುಮಾಸ್ತ. 1910ರಲ್ಲಿ ಬಂದ ಇವರ ಒಂದು ಚಿತ್ರದಲ್ಲಿ ಅಲುಗದಂತೆ ಹಿಡಿದಿಟ್ಟ ನೊಣವೊಂದು ಕಾಲಲ್ಲಿ ಪುಟ್ಟ ಚೆಂಡನ್ನು ತಿರುಗಿಸುತ್ತೆ. ಸರ್ಕಸ್ ಅಂತ ಜನ ನಕ್ಕರು, ಮೋಸ ಅಂದವರೂ ಇದ್ದರು. ನೊಣಕ್ಕೆ ತರಬೇತಿ ಏನೂ ಇಲ್ಲ. ಕಾಲಿಗೆ ಏನೋ ತಗುಲಿದೆ, ಅದನ್ನೇ ನೆಲ ಅಂದುಕೊಂಡು ನಡೆಯುತ್ತೆ. ದೇಹ ಮುಂದೆ ಹೋಗುವಂತಿಲ್ಲ, ಹಾಗಾಗಿ ಚೆಂಡೇ ಹಿಂದಕ್ಕೆ ಉರುಳುತ್ತೆ. ತಮಾಷೆ ಏನು ಗೊತ್ತಾ, ಮಿದುಳು ಅಧ್ಯಯನ ಮಾಡುವ ಇವತ್ತಿನ ಲ್ಯಾಬುಗಳಲ್ಲಿ ಹಣ್ಣುನೊಣವನ್ನು ಹೀಗೇ ಹಿಡಿದಿಟ್ಟು, ಗಾಳಿಯಲ್ಲಿ ತೇಲುವ ಚೆಂಡಿನ ಮೇಲೆ ನಡೆಸಿ, ಚೆಂಡು ತಿರುಗಿದ್ದನ್ನು ಅಳೆದು ನೊಣ ಎತ್ತ ಹೋಗಬೇಕು ಅಂದುಕೊಂಡಿತು ಅಂತ ತಿಳಿಯುತ್ತಾರೆ.

ಅದೇ ವರ್ಷದ ಇನ್ನೊಂದು ಚಿತ್ರ ಹೂವು ಅರಳುವುದು, 'ದಿ ಬರ್ತ್ ಆಫ್ ಎ ಫ್ಲವರ್'. ಇಲ್ಲಿ ಲೆಕ್ಕ ಉಲ್ಟಾ. ಒಂದು ಮೊಗ್ಗು ಬಿಚ್ಚಿಕೊಳ್ಳಲು ಎರಡು ದಿನ ಬೇಕು, ಪರದೆಯ ಮೇಲೆ 20 ಸೆಕೆಂಡಿನಲ್ಲಿ ತೋರಿಸಬೇಕು ಅಂತಿಟ್ಟುಕೊಳ್ಳಿ. 16ರ ಹಾಗೆ 320 ಫ್ರೇಮ್. ಎರಡು ದಿನ ಅಂದರೆ 2,880 ನಿಮಿಷ. ಭಾಗಿಸಿದರೆ 9 ನಿಮಿಷಕ್ಕೊಂದು ಫ್ರೇಮ್, ಹಗಲೂ ರಾತ್ರಿ. ಸ್ಮಿತ್ ಇದಕ್ಕೆ ಮನೆಯಲ್ಲೇ ಸಿಕ್ಕಿದ ಸಾಮಾನಿನಲ್ಲಿ ಯಂತ್ರ ಕಟ್ಟಿಕೊಂಡಿದ್ದರು. ಎಲ್ಲಾದರೂ ಕೈಕೊಟ್ಟರೆ ಎಬ್ಬಿಸಲಿ ಅಂತ ಗಂಟೆಗಳನ್ನೂ ಇಟ್ಟಿದ್ದರು. ಮನೆಯವರ ನಿದ್ದೆ ಏನಾಗಿರಬೇಡ!

ನಮ್ಮವರೂ ಹಿಂದೆ ಬಿದ್ದಿರಲಿಲ್ಲ. ದಾದಾಸಾಹೇಬ್ ಫಾಲ್ಕೆ 'ರಾಜಾ ಹರಿಶ್ಚಂದ್ರ' ತೆಗೆಯುವ ಮೊದಲು, 1912ರಲ್ಲಿ, ಕುಂಡದಲ್ಲಿ ಬಟಾಣಿ ಗಿಡ ಬೆಳೆಯುವುದನ್ನು ಹೀಗೇ ಫ್ರೇಮ್ ಫ್ರೇಮಾಗಿ ಹಿಡಿದಿದ್ದರು. ಅದನ್ನು ತೋರಿಸಿಯೇ ದೊಡ್ಡ ಚಿತ್ರಕ್ಕೆ ಸಾಲ ಕೇಳಿದ್ದು. ಭಾರತದ ಕಥಾಚಿತ್ರಗಳ ಬೇರು ಹುಡುಕಿಕೊಂಡು ಹೋದರೆ ಬಟಾಣಿ ಗಿಡದ ಬುಡಕ್ಕೆ ಮುಟ್ಟುತ್ತೇವೆ ಅಂದಾಗ ಹಾಲಿನಲ್ಲಿ ಚಪ್ಪಾಳೆ ಬಿತ್ತು.

ಇಷ್ಟೆಲ್ಲ ಇದ್ದರೂ ಇವು ಶಾಲೆಗೆ ಬರಲು ತಡವಾಯಿತು, ಕಾರಣ ಬೆಂಕಿ. ಆಗಿನ ಫಿಲ್ಮ್ ಸೆಲ್ಯುಲೋಸ್ ನೈಟ್ರೇಟಿನದು, ಸಿಡಿಮದ್ದಾಗಿ ಬಳಸುವ ಗನ್‌ಕಾಟನ್ನಿನ ದಾಯಾದಿ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುವುದರಿಂದ ನೀರಲ್ಲಿ ಮುಳುಗಿಸಿದರೂ ಆರದು. ಅಂಥದ್ದನ್ನು ಮಕ್ಕಳ ನಡುವೆ ಯಾರು ಇಡುತ್ತಾರೆ? 1923ರಲ್ಲಿ ಕೊಡಕ್ ಕಂಪನಿ ಅಷ್ಟು ಸುಲಭವಾಗಿ ಹೊತ್ತಿಕೊಳ್ಳದ ಅಸಿಟೇಟಿನಲ್ಲಿ 16 ಎಂಎಂ ಫಿಲ್ಮ್ ತಂದಮೇಲೆ ಶಾಲೆಗಳ ಬಾಗಿಲು ತೆರೆಯಿತು.

ಎಲ್ಲ ಮುಗಿದು ಟೀ ಕುಡಿಯುವಾಗ ಮಂಡ್ಯದಿಂದ ಬಂದಿದ್ದ ನಿವೃತ್ತ ಮೇಷ್ಟರೊಬ್ಬರು ಸಿಕ್ಕರು. ಅವರು ಹುಡುಗನಾಗಿದ್ದಾಗ ಪಾಂಡವಪುರದ ಹತ್ತಿರದ ಅವರ ಊರಿಗೆ ಸರ್ಕಾರದ ಪ್ರಚಾರ ವ್ಯಾನ್ ಬರುತ್ತಿತ್ತಂತೆ. ಗೋಡೆಗೆ ಬಿಳಿ ಪಂಚೆ ಕಟ್ಟಿ ಸೊಳ್ಳೆಯ ಮೇಲೊಂದು ಚಿತ್ರ ಹಾಕಿದರಂತೆ. ಚಿತ್ರದ ಮಾತು ಇಂಗ್ಲಿಷು, ಯಾರಿಗೂ ಅರ್ಥವಾಗದು. ವ್ಯಾನಿನವನು ಸೌಂಡ್ ಆಫ್ ಮಾಡಿ, ಮೈಕ್ ಹಿಡಿದು, ನಾಲೆ ಪಕ್ಕದ ನಿಂತ ನೀರು, ಗದ್ದೆ ಬದು, ಕೊಟ್ಟಿಗೆ ಎಲ್ಲ ಸೇರಿಸಿ ಕನ್ನಡದಲ್ಲಿ ಹೇಳುತ್ತಾ ಹೋದನಂತೆ. 'ನೀವು ಇವತ್ತು ಮಾಡಿದ್ದೂ ಅದೇ ಬಿಡಿ' ಅಂದರು. ಮೂಕಿ ಚಿತ್ರಕ್ಕೆ ಭಾಷೆ ಅಡ್ಡ ಬರೋದಿಲ್ಲ, ನಡುವೆ ಬರುವ ನಾಲ್ಕು ಬರಹದ ಕಾರ್ಡ್ ಓದಿ ಹೇಳುವವನೊಬ್ಬ ಇದ್ದರೆ ಸಾಕು. ಇವತ್ತಿನ ವಿಜ್ಞಾನ ವಿಡಿಯೋಗಳಲ್ಲಿ ಒಂದು ಕ್ಷಣವೂ ಬಿಡುವಿಲ್ಲದ ಮಾತು, ಮೇಲೊಂದು ಮ್ಯೂಸಿಕ್ಕು. ನೋಡುವವರು ಬಾಯಿ ಹಾಕಲು ಜಾಗವೇ ಇಲ್ಲ. ಹುಡುಗಿ ಕಾಲು ಎಣಿಸಿದ್ದು ಪರದೆ ಸುಮ್ನೆ ಇದ್ದದ್ದಕ್ಕೆ.

ಮನೆಗೆ ಬಂದು ನಾನೂ ಒಂದು ಕೈ ನೋಡಿದೆ. ಅಂಗಳದ ಮೈಸೂರು ಮಲ್ಲಿಗೆಯ ಒಂದು ಮೊಗ್ಗು, ಫೋನು, ಹಳೇ ಸ್ಟ್ಯಾಂಡು. ಒಂದೂವರೆ ನಿಮಿಷಕ್ಕೊಂದು ಫೋಟೋ ಅಂತ ಲೆಕ್ಕ ಹಾಕಿಕೊಂಡೆ. ಮೊದಲ ದಿನ ಫೋನ್ ಬಿಸಿಯಾಗಿ ನಿಂತಿತು. ಎರಡನೇ ದಿನ ನಡುವೆ ಅಮ್ಮ ವರಾಂಡದ ಲೈಟ್ ಆರಿಸಿದರು, ಅರ್ಧ ಚಿತ್ರ ಕಪ್ಪು. ಮೂರನೇ ದಿನ 144 ಫೋಟೋ ದಕ್ಕಿದವು. 16ರ ಲೆಕ್ಕದಲ್ಲಿ ಸರಿಯಾಗಿ 9 ಸೆಕೆಂಡ್. ಹೂವು ನಾನು ಅಂದುಕೊಂಡ ಹಾಗೆ ನಯವಾಗಿ ಅರಳೋದಿಲ್ಲ, ಗಾಳಿಗೆ ನಡುಗುತ್ತಾ ತಡವರಿಸುತ್ತಾ ಬಿಚ್ಚಿಕೊಳ್ಳುತ್ತೆ. ಏಳನೇ ಸೆಕೆಂಡಿನಲ್ಲಿ ಎಸಳಿನ ಮೇಲೆ ಒಂದು ಕಟ್ಟಿರುವೆ ಇದೆ. ಒಂದೇ ಫ್ರೇಮಿನಲ್ಲಿ. ಅದರ ಹಿಂದಿನದರಲ್ಲೂ ಇಲ್ಲ, ಮುಂದಿನದರಲ್ಲೂ ಇಲ್ಲ.