ನೀರು ತಿಳಿಯಾಯಿತು, ಸರಿ. ಅದರಲ್ಲಿದ್ದ ಊಟ ಎಲ್ಲಿ ಹೋಯಿತು?

ಪ್ರಶ್ನೆ: ಹೊರಗಿನಿಂದ ಬಂದ ಕಪ್ಪೆಚಿಪ್ಪುಗಳು ನೀರನ್ನು ಸೋಸಿ ಸ್ವಚ್ಛ ಮಾಡುತ್ತವಲ್ಲ, ಮತ್ತೆ ಅವುಗಳಿಂದ ಕರಾವಳಿಯ ಜೀವಿಗಳಿಗೆ ತೊಂದರೆ ಅಂತ ಯಾಕೆ ಹೇಳುತ್ತೀರಿ?

ಬಂತು ನೋಡಿ, ಮತ್ತೆ ಅದೇ ಪ್ರಶ್ನೆ. ಚುಟುಕಾಗಿ ಹೇಳಿಬಿಡುತ್ತೇನೆ: ನೀವು ಕೊಳೆ ಅಂದುಕೊಂಡಿರುವುದು ಬೇರೆ ಜೀವಿಗಳ ಊಟ. ಅವಸರದಲ್ಲಿರುವವರು ಇಲ್ಲಿಗೇ ಓದು ನಿಲ್ಲಿಸಬಹುದು.

ಉಳಿದವರು ಕೇಳಿ. ಅಳಿವೆಯ ನೀರು ಮಂದವಾಗಿ, ಹಸಿರಾಗಿ ಕಾಣುವುದಕ್ಕೆ ಒಂದು ಕಾರಣ ಅದರಲ್ಲಿ ತೇಲುವ ಸೂಕ್ಷ್ಮ ಪಾಚಿ. ಅದನ್ನು ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಸಿಗಡಿಯಂಥ ಜೀವಿಗಳು ತಿನ್ನುತ್ತವೆ, ಅವುಗಳನ್ನು ಮೀನುಮರಿ, ಮರಿಯನ್ನು ದೊಡ್ಡ ಮೀನು, ಅದನ್ನು ಹಕ್ಕಿ. ತಳದಲ್ಲಿ ಕೂತ ಕಪ್ಪೆಚಿಪ್ಪು ಈ ಸಾಲಿನ ಮೊದಲ ತುತ್ತನ್ನೇ ಎಳೆದುಕೊಳ್ಳುತ್ತದೆ. ಮೇಲಿನವರಿಗೆ ಹೋಗಬೇಕಾದದ್ದು ಚಿಪ್ಪಿನೊಳಗೇ ಉಳಿದುಬಿಡುತ್ತದೆ.

ಸುಮ್ನೆ ಹೇಳುತ್ತಿಲ್ಲ. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಮೇಲ್ಭಾಗದಲ್ಲಿ, ಕಾಲೇಜಿನ ಜೀವಶಾಸ್ತ್ರ ವಿದ್ಯಾರ್ಥಿಗಳಿಗೆ ಗುರುತು ಸಿಗದ 3 ಪುಟ್ಟ ಕಪ್ಪೆಚಿಪ್ಪುಗಳು ಸಿಕ್ಕವು. ಅದು ಪೊಟಮೊಕೊರ್ಬುಲಾ ಅಮುರೆನ್ಸಿಸ್, ಪೂರ್ವ ಏಷ್ಯಾದ ಜೀವಿ. ಹಡಗುಗಳು ಸಮತೋಲಕ್ಕೆ ತುಂಬಿಕೊಳ್ಳುವ ನೀರಿನಲ್ಲಿ ಮರಿಯಾಗಿ ಬಂದಿರಬೇಕು. ಒಂದೆರಡು ವರ್ಷದಲ್ಲೇ ಕೆಲವು ಕಡೆ ಒಂದು ಚದರ ಮೀಟರ್‌ಗೆ 10,000ಕ್ಕೂ ಜಾಸ್ತಿ ಆದವು. ಆ ಮೇಲ್ಭಾಗದ ಸುಸೂನ್ ಕೊಲ್ಲಿಯಲ್ಲಿ ಪ್ರತಿ ಬೇಸಿಗೆ ಏಳುತ್ತಿದ್ದ ಪಾಚಿಯ ಸುಗ್ಗಿ 1987ರಿಂದ ನಿಂತೇಹೋಯಿತು. ಅದನ್ನು ನಂಬಿದ್ದ ಸಣ್ಣ ಜೀವಿಗಳು ಕುಸಿದವು, ಆಂಚೊವಿ ಮೀನು ಆ ಭಾಗವನ್ನೇ ಬಿಟ್ಟು ಉಪ್ಪು ಜಾಸ್ತಿ ಇರುವ ಕಡೆಗೆ ಸರಿಯಿತು. ಈ ಕಪ್ಪೆಚಿಪ್ಪು ಪಾಚಿಯ ಜೊತೆಗೆ ಆ ಸಣ್ಣ ಜೀವಿಗಳ ಮರಿಗಳನ್ನೂ ಸೋಸಿ ತಿನ್ನುತ್ತದೆ ಅನ್ನುವುದನ್ನು ಮಾತ್ರ ಯಾರೂ ನೆನಪಿಡುವುದಿಲ್ಲ.

ಹಿಂದೆ 1976-77ರ ಬರಗಾಲದಲ್ಲೂ ಅಲ್ಲಿ ಪಾಚಿ ಹೀಗೇ ಮಾಯವಾಗಿತ್ತು. ಹೊಳೆನೀರು ಕಡಿಮೆಯಾಗಿ ಉಪ್ಪು ಏರಿದಾಗ ಕಡಲ ಕಡೆಯ ಚಿಪ್ಪುಜೀವಿಗಳು ಮೇಲೆ ಬಂದಿದ್ದವು. ಮಳೆ ಬಂತು, ಅವು ಸತ್ತವು, ಪಾಚಿ ಮರಳಿತು. ಹೊಸಬನಿಗೆ ಆ ತಡೆ ಇಲ್ಲ. ಹೆಚ್ಚುಕಡಿಮೆ ಸಿಹಿನೀರಿನಿಂದ ಅಪ್ಪಟ ಕಡಲನೀರಿನವರೆಗೆ ಎಲ್ಲಿ ಬೇಕಾದರೂ ಬದುಕುತ್ತದೆ.

ಇನ್ನು 'ಸ್ವಚ್ಛ' ಅನ್ನುವ ಮಾತು. ಕಪ್ಪೆಚಿಪ್ಪು ಕೊಳೆಯನ್ನು ಮಾಯ ಮಾಡುವುದಿಲ್ಲ ಮಾರಾಯರೇ, ಜಾಗ ಬದಲಾಯಿಸುತ್ತದೆ, ಕಸವನ್ನು ಗುಡಿಸಿ ಚಾಪೆಯ ಕೆಳಗೆ ತಳ್ಳಿದ ಹಾಗೆ. ಬೇಡದ್ದನ್ನು ಲೋಳೆಯಲ್ಲಿ ಸುತ್ತಿ ತಳಕ್ಕೆ ಉಗುಳುತ್ತದೆ. ತಿಂದದ್ದರಲ್ಲಿ ಒಂದು ಪಾಲನ್ನು ಅಮೋನಿಯಾ ಮಾಡಿ ಅದೇ ನೀರಿಗೆ ಬಿಡುತ್ತದೆ. ಲೋಹ, ವಿಷ ಇದ್ದರೆ ಮೈಯಲ್ಲಿ ಕೂಡಿಡುತ್ತದೆ. ಉತ್ತರ ಅಮೆರಿಕದ ಮಹಾ ಸರೋವರಗಳಲ್ಲಿ (ಅದು ಸಿಹಿನೀರು, ಆದರೂ ಲೆಕ್ಕ ಒಂದೇ) ಜೀಬ್ರಾ ಮಸ್ಸೆಲ್ ಅನ್ನುವ ಹೊರಗಿನ ಚಿಪ್ಪುಜೀವಿ ಬಂದಾಗ ನೀರು ನಿಜಕ್ಕೂ ತಿಳಿಯಾಯಿತು. ಬಿಸಿಲು ತಳ ಮುಟ್ಟಿತು, ಅಲ್ಲಿ ಎಳೆಎಳೆಯಾಗಿ ಪಾಚಿ ಬೆಳೆದು ದಡಕ್ಕೆ ಬಂದು ಕೊಳೆಯಿತು. ಮೈಕ್ರೊಸಿಸ್ಟಿಸ್ ಅನ್ನುವ ವಿಷಕಾರಿ ನೀಲಿಹಸಿರು ಪಾಚಿ ಸಿಕ್ಕರೆ ಈ ಮಸ್ಸೆಲ್ ಅದನ್ನು ಎಷ್ಟೋ ಸಲ ತಿನ್ನದೆ ಉಗುಳುತ್ತದೆ, ಒಳ್ಳೆಯ ಪಾಚಿಯನ್ನು ಮಾತ್ರ ನುಂಗುತ್ತದೆ. ಯಾವುದು ಉಳಿದು ಬೆಳೆಯುತ್ತದೆ ಅಂತ ನೀವೇ ಹೇಳಿ.

ಈ ನಂಬಿಕೆ ಎಲ್ಲಿಂದ ಹುಟ್ಟಿತು ಅನ್ನುವುದೂ ಗೊತ್ತು. ಅಮೆರಿಕದ ಪೂರ್ವ ಕರಾವಳಿಯ ಚೆಸಪೀಕ್ ಕೊಲ್ಲಿಯಲ್ಲಿ ಸಿಂಪಿಗಳನ್ನು ಮರಳಿ ಬೆಳೆಸುತ್ತಾರೆ, ನೀರು ಸೋಸಲಿ ಅಂತಲೇ. ನಿಜ. ಆದರೆ ಅವು ಅಲ್ಲಿಯವೇ ಸಿಂಪಿಗಳು, ಮೊದಲು ಇದ್ದು ಕಳೆದುಹೋದವು, ಮತ್ತು ಅಲ್ಲಿನ ಕಾಯಿಲೆ ಪಾಚಿ ಮಿತಿಮೀರಿದ್ದು. ಸುಸೂನ್ ಕೊಲ್ಲಿಯದು ಮೊದಲೇ ತೆಳ್ಳಗಿನ ಊಟ.

ಯಾರೂ ಕೇಳದ ಒಂದು ಪ್ರಶ್ನೆ ಉಳಿದಿದೆ: ಹೊಸ ಕಪ್ಪೆಚಿಪ್ಪನ್ನು ತಿನ್ನುವವರೇ ಇಲ್ವಾ? ಇದ್ದಾರೆ. ಸ್ಟರ್ಜನ್ ಮೀನು ತಿನ್ನುತ್ತದೆ, ಮುಳುಗಿ ಮೇಯುವ ಬಾತುಗಳೂ ತಿನ್ನುತ್ತವೆ. ಹಾಗಾದರೆ ಊಟ ಮತ್ತೆ ಮೇಲೆ ಹೋಯಿತಲ್ಲ ಅಂತ ಖುಷಿಪಡುವ ಮೊದಲು ಸೆಲೆನಿಯಂ (ಮಿತಿಮೀರಿದರೆ ವಿಷವಾಗುವ ಒಂದು ಧಾತು) ವಿಷಯ ಕೇಳಿ. ಎಣ್ಣೆ ಶುದ್ಧೀಕರಣ ಘಟಕಗಳಿಂದ, ಹೊಲಗಳ ಬಸಿನೀರಿನಿಂದ ಅದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಗೆ ಸೇರುತ್ತದೆ. ಸಿಗಡಿಯಂಥ ಸಣ್ಣ ಜೀವಿಗಳು ಅದನ್ನು ಬೇಗ ಹೊರಹಾಕುತ್ತವೆ, ಈ ಕಪ್ಪೆಚಿಪ್ಪು ಸುಮಾರು 10 ಪಟ್ಟು ನಿಧಾನ. ಹಾಗಾಗಿ ಒಂದೇ ಕೊಲ್ಲಿಯಲ್ಲಿ ಸಣ್ಣ ಜೀವಿಗಳ ಸಾಲಿನಿಂದ ಉಣ್ಣುವ ಪಟ್ಟೆ ಬಾಸ್ ಮೀನಿನಲ್ಲಿ ಸೆಲೆನಿಯಂ ಕಡಿಮೆ. ತಳದ ಕಪ್ಪೆಚಿಪ್ಪು ತಿನ್ನುವ ಸ್ಟರ್ಜನ್‌ನಲ್ಲಿ ಮಾತ್ರ ಅದು ಮರಿಗಳ ಬೆಳವಣಿಗೆಯನ್ನೇ ಕೆಡಿಸಬಲ್ಲ ಮಟ್ಟಕ್ಕೆ ಏರಿದೆ.